ಏನಂದ ಅಂತ ಕೇಳಲೇ ಇಲ್ಲ

2015ರಲ್ಲಿ ‘ಬಾಹುಬಲಿ’ ಮೊದಲ ಭಾಗ ಬಂದಾಗ ಬೆಂಗಳೂರಲ್ಲಿ ತೆಲುಗಲ್ಲೇ ನೋಡಿದ್ದೆ. ನಂಗೆ ತೆಲುಗು ಅರ್ಧಂಬರ್ಧ. ಪಕ್ಕದಲ್ಲಿದ್ದ ಗೆಳೆಯನನ್ನ ಆಗಾಗ ತಿವಿದು, ‘ಏನಂದ್ನೋ?’ ಅಂತ ಕೇಳ್ತಾ ಇದ್ದೆ. ಆದರೆ ಯುದ್ಧದಲ್ಲಿ ಕಾಲಕೇಯರ ನಾಯಕ ಅಬ್ಬರಿಸಿದಾಗ ಮಾತ್ರ ಹಾಗೆ ಕೇಳಬೇಕು ಅಂತ ಅನ್ನಿಸಲೇ ಇಲ್ಲ. ನನ್ನ ಪಾಲಿಗೆ ಅದು ಮಾತಾಗಿರಲಿಲ್ಲ, ಬರೀ ಸದ್ದು. ಹೆದರೋಕೆ ಅಷ್ಟೇ ಸಾಕಾಗಿತ್ತು.

ಅದು ಬಾಯಿಗೆ ಬಂದಂತೆ ಕೂಗಿದ್ದಲ್ಲ ಅಂತ ಆಮೇಲೆ ಗೊತ್ತಾಯ್ತು. ತಮಿಳಿನ ಚಿತ್ರಸಾಹಿತಿ ಮದನ್ ಕಾರ್ಕಿ ಕಟ್ಟಿದ ‘ಕಿಲಿಕಿ’ ಅನ್ನೋ ಭಾಷೆ ಅದು. ಸುಮಾರು 750 ಪದ, 40 ವ್ಯಾಕರಣ ನಿಯಮ. ಇನ್ನೂ ಸೋಜಿಗ ಅಂದ್ರೆ, ಕಾರ್ಕಿ ಆಸ್ಟ್ರೇಲಿಯಾದಲ್ಲಿದ್ದಾಗ ಮಕ್ಕಳ ಜೊತೆ ಆಡೋಕೆ ಅಂತ ಹೊಸೆದ ಭಾಷೆಯೇ ಇದಕ್ಕೆ ಬುನಾದಿ. ಅದರಲ್ಲಿ ‘ಮಿನ್’ ಅಂದ್ರೆ ನಾನು. ಅದನ್ನೇ ತಿರುಗಿಸಿದರೆ ‘ನಿಮ್’, ಅಂದ್ರೆ ನೀನು. ಮಕ್ಕಳ ಆಟದಲ್ಲಿ ಹುಟ್ಟಿದ ಭಾಷೆ ರಣರಂಗಕ್ಕೆ ಬಂದಾಗ ನಮಗೆ ರಾಕ್ಷಸರ ಕೂಗಾಗಿ ಕೇಳಿಸ್ತು.

ಈ ಕಿವಿ ಇವತ್ತಿನದಲ್ಲ. ಕ್ರಿ.ಪೂ. 2ನೇ ಶತಮಾನದ ಪತಂಜಲಿಯ ‘ಮಹಾಭಾಷ್ಯ’ದಲ್ಲಿ ಅಸುರರ ರಣಘೋಷದ ಪ್ರಸ್ತಾಪ ಬರುತ್ತೆ. ‘ಎಲೈ ಶತ್ರುಗಳೇ’ ಅನ್ನೋದನ್ನ ಅವರು ತಪ್ಪಾಗಿ ಉಚ್ಚರಿಸಿದರಂತೆ, ‘ರ’ ಇರಬೇಕಾದಲ್ಲಿ ‘ಲ’. ಹಾಗಾಗಿ ಸೋತರಂತೆ! ಅಂಥ ಮ್ಲೇಚ್ಛರ ಮಾತು ಆಡಬಾರದು ಅನ್ನೋದು ಅಲ್ಲಿನ ಪಾಠ. ಅಸುರರನ್ನ ‘ಯಾಕೆ ಕೂಗ್ತಿದ್ದೀರಪ್ಪಾ?’ ಅಂತ ಯಾರೂ ಕೇಳಲ್ಲ.

‘ಅಯ್ಯೋ, ಸಿನಿಮಾ ಮಾರಾಯಾ, ವಿಲನ್ ಹಾಗೇ ಇರ್ಬೇಕು’ ಅಂತೀರೇನೋ. ಒಪ್ಪಿದೆ. ಕಾಲಕೇಯರು ಊರು ಲೂಟಿ ಮಾಡೋಕೆ ಬಂದವರು. ಅವರ ಭಾಷೆಗೆ ವ್ಯಾಕರಣ ಇದೆ ಅಂದ ಮಾತ್ರಕ್ಕೆ ಅವರು ಮಾಡಿದ್ದು ಸರಿಯಾಗೋದಿಲ್ಲ. ನನ್ನ ತಕರಾರು ಸಿನಿಮಾದ ಮೇಲಲ್ಲ, ಥಿಯೇಟರಿಂದ ಹೊರಗೆ ಬಂದ ಮೇಲೂ ಬದಲಾಗದ ನನ್ನ ಕಿವಿಯ ಮೇಲೆ.

ನಮ್ಮ ಅಪಾರ್ಟ್‌ಮೆಂಟಿನ ಪಕ್ಕ ಕಟ್ಟಡ ಏಳ್ತಾ ಇತ್ತು. ತಗಡಿನ ಶೆಡ್ಡುಗಳಲ್ಲಿ ಕೆಲಸಗಾರರು. ಒಂದು ರಾತ್ರಿ ಹತ್ತೂವರೆಗೆ ಜೋರು ಗಲಾಟೆ. ಭಾಷೆ ಯಾವುದು ಅಂತಲೂ ಗೊತ್ತಾಗಲಿಲ್ಲ. ಹೊಡೆದಾಟ ಶುರುವಾಯ್ತು ಅಂದ್ಕೊಂಡು, ಪೊಲೀಸರಿಗೆ ಫೋನ್ ಮಾಡೋಣ ಅಂತ ಮೊಬೈಲ್ ಹಿಡ್ಕೊಂಡೇ ಕೆಳಗೆ ಇಳಿದೆ. ಗೇಟಲ್ಲಿದ್ದ ವಾಚ್‌ಮನ್ ನಕ್ಕ: ‘ಜಗಳ ಅಲ್ಲ ಸಾರ್. ಊರಿಗೆ ಫೋನ್ ಮಾಡ್ತಾವ್ರೆ. ಆ ಕಡೆ ಸಿಗ್ನಲ್ ಸರಿ ಸಿಗಲ್ವಂತೆ, ಅದ್ಕೇ ಕೂಗ್ತಾರೆ. ದಿನಾ ಇದೇ.’

ಮೊಬೈಲ್ ಜೇಬಿಗಿಟ್ಟು ವಾಪಸ್ ಬಂದೆ. ಕೇಳದೇ ಇದ್ದಿದ್ರೆ ಯಾರದ್ದೋ ‘ಊಟ ಆಯ್ತಾ?’ ಅನ್ನೋ ಮಾತಿಗೆ ನಾನು ಪೊಲೀಸರನ್ನ ಕರೆಸಿರ್ತಿದ್ದೆ. ಅರ್ಥವಾಗದ್ದೆಲ್ಲ ಅರ್ಥವಿಲ್ಲದ್ದಲ್ಲ ಅಂತ ನಂಗೆ ಗೊತ್ತಿತ್ತು. ಆದರೂ ಆ ರಾತ್ರಿ ಕೈ ಮೊದಲು ಹೋಗಿದ್ದು ಮೊಬೈಲಿಗೆ. ‘ಏನಂದ್ರು?’ ಅಂತ ಕೇಳೋಕೆ ಖರ್ಚಾಗಿದ್ದು ಎರಡು ಮಹಡಿ ಮೆಟ್ಟಿಲು ಅಷ್ಟೇ.