ಕೊಂಡು ತಂದ ಕೈರುಚಿ

ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ದಾರಿಯಲ್ಲಿ ಅಮೀನಗಡ ಬಂತೆಂದರೆ ಬಸ್ಸಿನಲ್ಲಿ ಒಬ್ಬರಾದರೂ ಕರದಂಟಿನ ಮಾತು ತೆಗೆಯುತ್ತಾರೆ. ನಮ್ಮ ಸೀಮೆಯಲ್ಲಿ ಅದು ಬರೀ ಸಿಹಿಯಲ್ಲ, ಬಾಣಂತಿಯ ಹಕ್ಕು. ಅದನ್ನು ತಾಯಿಯೇ ಕೈಯಾರೆ ಮಾಡಬೇಕೆಂಬುದು ಯಾರೂ ಬರೆದಿಡದ ಕಾನೂನು.

ನನ್ನ ಮಗಳ ಬಾಣಂತನಕ್ಕೆ ನಾನು ಅಮೀನಗಡದ ಅಂಗಡಿಯೊಂದರಿಂದ ನಾಲ್ಕು ಕಿಲೋ ಕೊಂಡು ತಂದೆ. ಕೂಸು ನೋಡಲು ಬಂದ ನಮ್ಮ ನೆಗೆಣ್ಣಿ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಛಲೋ ಐತಿ. ಆದರ ಅವ್ವನ ಕೈರುಚಿ ಬ್ಯಾರೇನ ಬಿಡವಾ" ಎಂದಳು. ಇನ್ನೊಂದು ತುಂಡನ್ನೂ ತೆಗೆದುಕೊಂಡಳೆನ್ನಿ. ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಪ್ರೀತಿಯನ್ನು ಕೊಂಡು ತರಲು ಬರುತ್ತದೋ ಇಲ್ಲವೋ?

ಕರದಂಟು ಮಾಡುವುದು ಸಣ್ಣ ಕೆಲಸವಲ್ಲ. ಹೆಸರೇ ಹೇಳುವಂತೆ ಅಂಟನ್ನು ತುಪ್ಪದಲ್ಲಿ ಕರಿಯಬೇಕು. ತುಪ್ಪ ಸರಿಯಾಗಿ ಕಾಯದಿದ್ದರೆ ಅಂಟಿನ ಹರಳು ಹೊರಗೆ ಅರಳಿ ಒಳಗೆ ಹಸಿಯಾಗಿ ಉಳಿದು ಹಲ್ಲಿಗೆ ಮೆತ್ತುತ್ತದೆ. ಉತ್ತತ್ತಿಯ ಬೀಜ ತೆಗೆದು ಹೆಚ್ಚಬೇಕು, ಒಣಕೊಬ್ಬರಿ ತುರಿಯಬೇಕು, ಗೋಡಂಬಿ, ಬದಾಮಿ ಚೂರು ಮಾಡಬೇಕು, ಗಸಗಸೆ ಹುರಿಯಬೇಕು. ಬೆಲ್ಲದ ಪಾಕ ಒಂದು ಗಳಿಗೆ ಹೆಚ್ಚಾದರೆ ಕಲ್ಲು, ಕಡಿಮೆಯಾದರೆ ಮುದ್ದೆ. ಹಳೇ ಬಾಗಲಕೋಟೆಯಲ್ಲಿದ್ದಾಗ ಓಣಿಯ ಐದು ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂತು ಇದನ್ನೆಲ್ಲ ಹಸನು ಮಾಡುತ್ತಿದ್ದರು. ಅವ್ವನ ಕೈ ಎಂದು ನಾವು ಹೊಗಳುತ್ತಿದ್ದುದು ಲೆಕ್ಕ ಹಾಕಿದರೆ ಹತ್ತು ಕೈ! ಆಲಮಟ್ಟಿಯ ಹಿನ್ನೀರಿಗಾಗಿ ಓಣಿ ಖಾಲಿಯಾಯಿತು. ನವನಗರದಲ್ಲಿ ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ ಹೋದೆವು. ಓಣಿ ಹೋಯಿತು, ಕಾನೂನು ಮಾತ್ರ ಉಳಿಯಿತು. ಹತ್ತು ಕೈಗಳ ಕೆಲಸ ಈಗ ಎರಡೇ ಕೈಗಳ ಪಾಲಿಗೆ.

ಅದೇ ಮಗಳಿಗೆ ಮದುವೆಯಲ್ಲಿ ಇಲಕಲ್ಲ ಸೀರೆ ಉಡಿಸಿದೆ. ಅದರ ಕೆಂಪು ತೋಪಿನ ಸೆರಗನ್ನು ಮೈಯ ಎಳೆಗಳಿಗೆ ಕೊಂಡಿ ಹಾಕಿ ಬೆಸೆದವರು ಯಾರೋ. ನೀನೇ ನೇಯ್ದೆಯೇನೆಂದು ನನ್ನನ್ನು ಯಾರೂ ಕೇಳಲಿಲ್ಲ. ಕಸೂತಿಯೂ ಹಾಗೆಯೇ. ಒಂದು ಕಾಲಕ್ಕೆ ಮನೆಯ ಹೆಣ್ಣುಮಕ್ಕಳೇ ಹಾಕುತ್ತಿದ್ದುದನ್ನು ಈಗ ರೊಕ್ಕ ಕೊಟ್ಟು ತಂದು ಮೆರೆಯುತ್ತೇವೆ. ಬಟ್ಟೆ ಅಂಗಡಿಯಿಂದ ಬಂದರೆ ತಾಯ್ತನಕ್ಕೆ ಕುಂದಿಲ್ಲ, ತಿಂಡಿ ಬಂದರೆ ಕುಂದು. ಮಗಳ ಅಪ್ಪನನ್ನಂತೂ ಯಾರೂ ಕೇಳುವುದಿಲ್ಲ. ಅವರು ಡಬ್ಬಿ ಹೊತ್ತು ತಂದದ್ದೇ ದೊಡ್ಡದೆನಿಸಿಕೊಳ್ಳುತ್ತದೆ.

ಆದರೂ ನೆಗೆಣ್ಣಿಯ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೊಂಡಾಗ ನಾವು ರೊಕ್ಕ ಎಣಿಸಿಕೊಟ್ಟು, ಋಣ ತೀರಿತೆಂದು ಎದ್ದು ಬರುತ್ತೇವೆ. ಓಣಿಯ ಆ ಐವರ ಋಣ ಹಾಗೆ ತೀರುತ್ತಿರಲಿಲ್ಲ. ಅವರ ಮನೆಯಲ್ಲಿ ಹೆರಿಗೆಯಾದಾಗ ನಾವು ಹೋಗಿ ಕೂಡುತ್ತಿದ್ದೆವು. ಅಂಗಡಿಯ ಡಬ್ಬಿಯ ಮೇಲೆ 'ಕೈಯಿಂದ ಮಾಡಿದ್ದು' ಎಂದು ಅಚ್ಚಾಗಿತ್ತು. ಯಾರ ಕೈ ಎಂದು ಮಾತ್ರ ಇರಲಿಲ್ಲ.

ಅದನ್ನು ನಾನು ಅಂಗಡಿಯಲ್ಲೇ ಕೇಳಿದ್ದೆ. ಹಿಂದಿನ ಕೋಣೆಯಲ್ಲಿ ಕಟ್ಟಿಗೆಯ ಹಲಗೆಯ ಮೇಲೆ ಉತ್ತತ್ತಿ ಹೆಚ್ಚುತ್ತಿದ್ದ ಹೆಂಗಸೊಬ್ಬಳು ಮೊದಲು ನಕ್ಕಳು. ಬಾಣಂತಿಗೆಂದು ಗೊತ್ತಾದ ಮೇಲೆ, "ಮೊದಲ ಹೆರಿಗೀನ ಏನ್ರೀ ಯಕ್ಕಾ?" ಎಂದು ವಿಚಾರಿಸಿಕೊಂಡಳು. ಅವಳ ಮಗಳೂ ದೀಪಾವಳಿಯ ಮುಂದೆ ಹಡೆದಿದ್ದಳಂತೆ.

"ಮಗಳಿಗೆ ಮನ್ಯಾಗ ಮಾಡಿದ್ದೇನವಾ?" ಎಂದೆ.

"ಹೊತ್ತೆಲ್ಲೈತ್ರೀ? ಇಲ್ಲಿದ್ದನ್ನs ಒಂದು ಕಿಲೋ ಕೊಂಡು ಒಯ್ದ್ನಿ" ಎಂದಳು. ಚಾಕು ನಿಲ್ಲಿಸದೆ ಮತ್ತೆ ಹೇಳಿದಳು, "ಅದನ್ನೂ ನಾನs ಮಾಡಿದ್ನಲ್ರೀ."