ಸತ್ಯಾನ್ವೇಷಣೆಯೂ ಮಾರುವೇಷವೂ

ಲೋಕದಲ್ಲಿ ನಡೆಯುವ ಅನ್ಯಾಯಗಳಲ್ಲಿ ಕೆಲವು ಹಾಡುಹಗಲಿನಲ್ಲಿಯೇ ನಡೆಯುತ್ತವೆ. ಅವನ್ನು ಕಂಡವನು ಕಂಡಂತೆ ಬರೆದರೆ ಸಾಕು. ಬೇರೆ ಕೆಲವು ಮುಚ್ಚಿದ ಬಾಗಿಲುಗಳ ಹಿಂದೆ ನಡೆಯುತ್ತವೆ. ಅಲ್ಲಿ ನೊಂದವರ ಮಾತನ್ನು ಕೇಳುವವರಿಲ್ಲ. ನೋಯಿಸಿದವರು ಬಾಯಿ ಬಿಡುವುದಿಲ್ಲ. ಇಂಥ ಕಡೆಗೆ ವೃತ್ತಪತ್ರಿಕೆಯವನು ತನ್ನ ನಿಜವಾದ ಹೆಸರನ್ನೂ ವೃತ್ತಿಯನ್ನೂ ಹೇಳಿಕೊಂಡು ಹೋದರೆ ಬಾಗಿಲು ತೆರೆಯದು. ಮರೆಮಾಚಿಕೊಂಡು ಹೋದರೆ ತೆರೆದೀತು. ಹಾಗಾದರೆ ಸತ್ಯವನ್ನು ಹೊರತರುವುದಕ್ಕಾಗಿ ಸುಳ್ಳನ್ನು ಆಶ್ರಯಿಸಬಹುದೆ? ಪತ್ರಿಕಾವೃತ್ತಿಯ ಧರ್ಮಸಂಕಟಗಳಲ್ಲಿ ಇದಕ್ಕಿಂತ ಕಠಿನವಾದದ್ದು ವಿರಳ. ಬರಿಯ ತರ್ಕದಿಂದ ಇದನ್ನು ಬಿಡಿಸಲು ಹೊರಡುವುದಕ್ಕಿಂತ, ನಡೆದ ಸಂಗತಿಗಳನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಮೇಲು.

ಲಂಡನ್ನಿನ ‘ಪಾಲ್ ಮಾಲ್ ಗೆಜೆಟ್’ ಪತ್ರಿಕೆಯ ಸಂಪಾದಕನಾಗಿದ್ದ ಡಬ್ಲ್ಯು. ಟಿ. ಸ್ಟೆಡ್ ಮಹಾಶಯನು 1885ನೆಯ ಜುಲೈ ತಿಂಗಳಿನಲ್ಲಿ ಒಂದು ಲೇಖನಮಾಲೆಯನ್ನು ಪ್ರಕಟಿಸಿದನು. ಆ ಮಹಾನಗರದಲ್ಲಿ ಬಡವರ ಮನೆಯ ಎಳೆಯ ಹೆಣ್ಣುಮಕ್ಕಳು ಹಣಕ್ಕೆ ಮಾರಲ್ಪಟ್ಟು ವೇಶ್ಯಾಗೃಹಗಳನ್ನು ಸೇರುತ್ತಿರುವರೆಂಬುದು ಅದರ ವಿಷಯ. ಆಗಿನ ಇಂಗ್ಲೆಂಡಿನ ಕಾನೂನಿನಂತೆ ಹದಿಮೂರು ವರ್ಷ ತುಂಬಿದ ಹುಡುಗಿಯ ಒಪ್ಪಿಗೆಯು ಒಪ್ಪಿಗೆಯೆಂದೇ ಎಣಿಸಲ್ಪಡುತ್ತಿತ್ತು. ಆ ವಯಸ್ಸನ್ನು ಏರಿಸುವ ಮಸೂದೆಯು ಪಾರ್ಲಿಮೆಂಟಿನಲ್ಲಿ ನೆನೆಗುದಿಗೆ ಬಿದ್ದಿತ್ತು. ಹೇಳಿದರೆ ನಂಬದ ಜನಕ್ಕೆ ಮಾಡಿ ತೋರಿಸಬೇಕೆಂದು ಸ್ಟೆಡ್ ನಿಶ್ಚಯಿಸಿದನು. ಹಿಂದೆ ಆ ಹೀನವೃತ್ತಿಯಲ್ಲಿದ್ದು ಅದನ್ನು ತೊರೆದಿದ್ದ ಹೆಂಗಸೊಬ್ಬಳ ಮೂಲಕ, ಹದಿಮೂರು ವರ್ಷದ ಹುಡುಗಿಯೊಬ್ಬಳನ್ನು ಐದು ಪೌಂಡಿಗೆ ಕೊಂಡನು. ಹುಡುಗಿಗೆ ಯಾವ ಮಾನಹಾನಿಯೂ ಆಗಬಾರದೆಂಬುದು ಅವನ ಸಂಕಲ್ಪವಾಗಿತ್ತು. ಆದರೂ ಸೂಲಗಿತ್ತಿಯೊಬ್ಬಳು ಅವಳ ದೇಹವನ್ನು ಪರೀಕ್ಷಿಸಿದಳು. ಅವಳಿಗೆ ಕ್ಲೋರೋಫಾರಂ ಮೂಸಿಸಿದರು. ವೇಶ್ಯಾಗೃಹದ ಕೊಠಡಿಯೊಂದರಲ್ಲಿ ಮಲಗಿಸಿದರು. ಕೊನೆಗೆ ಫ್ರಾನ್ಸ್ ದೇಶಕ್ಕೆ ಕಳುಹಿಸಿದರು. ಇದೆಲ್ಲ ಏತಕ್ಕೆಂಬುದು ಆ ಮಗುವಿಗೆ ತಿಳಿಯದು.

ಲೇಖನಗಳಿಂದ ದೇಶವೇ ಕಲಕಿಹೋಯಿತು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಕಾನೂನು ಅಂಗೀಕೃತವಾಗಿ ಒಪ್ಪಿಗೆಯ ವಯಸ್ಸು ಹದಿನಾರಕ್ಕೆ ಏರಿತು. ಆದರೆ ಮಗಳು ಮನೆಗೆಲಸಕ್ಕೆ ಹೋಗುತ್ತಿರುವಳೆಂದೇ ತಾನು ನಂಬಿದ್ದೆನೆಂದು ತಾಯಿಯು ನ್ಯಾಯಸ್ಥಾನದಲ್ಲಿ ಹೇಳಿದಳು. ತಂದೆಯ ಅನುಮತಿಯನ್ನಂತೂ ಯಾರೂ ಪಡೆದಿರಲಿಲ್ಲ. ಅಪಹರಣದ ಅಪರಾಧಕ್ಕಾಗಿ ಸ್ಟೆಡ್ ಮಹಾಶಯನಿಗೆ ಮೂರು ತಿಂಗಳ ಸೆರೆಯಾಯಿತು. ಅವನ ಮಾತಿಗೆ ಒಪ್ಪಿ ಸಹಾಯಮಾಡಿದ ಆ ಹೆಂಗಸಿಗಾದರೋ ಆರು ತಿಂಗಳು. ಸ್ಟೆಡ್ ತನ್ನ ಸೆರೆವಾಸವನ್ನು ಗೌರವವೆಂದೇ ಭಾವಿಸಿದನು. ಮುಂದೆ ಪ್ರತಿವರ್ಷವೂ ಅದರ ವಾರ್ಷಿಕ ದಿನದಂದು ಖೈದಿಯ ಉಡುಪನ್ನು ತೊಡುತ್ತಿದ್ದನು.

ಇನ್ನು ಎರಡನೆಯ ಸಂಗತಿ. 1887ರಲ್ಲಿ ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯ ಪರವಾಗಿ ನೆಲ್ಲಿ ಬ್ಲೈ ಎಂಬ ತರುಣಿಯು ಹುಚ್ಚಿಯಂತೆ ನಟಿಸಿ, ವೈದ್ಯರನ್ನು ನಂಬಿಸಿ, ಬ್ಲ್ಯಾಕ್‌ವೆಲ್ ದ್ವೀಪದಲ್ಲಿದ್ದ ಹೆಂಗಸರ ಹುಚ್ಚಾಸ್ಪತ್ರೆಯನ್ನು ಹೊಕ್ಕಳು. ಒಳಸೇರಿದ ಮೇಲೆ ನಟನೆಯನ್ನು ಬಿಟ್ಟು ಸಹಜವಾಗಿ ನಡೆದುಕೊಂಡರೂ ಆಕೆಯನ್ನು ಯಾರೂ ಬುದ್ಧಿಸ್ವಾಧೀನವುಳ್ಳವಳೆಂದು ಎಣಿಸಲಿಲ್ಲ. ಕೊರೆಯುವ ತಣ್ಣೀರಿನ ಸ್ನಾನ, ತಿನ್ನಲಾಗದ ಆಹಾರ, ದಾದಿಯರ ಕ್ರೌರ್ಯ, ಇಂಗ್ಲಿಷ್ ಬಾರದ ಕಾರಣದಿಂದಲೇ ಹುಚ್ಚರೆನಿಸಿಕೊಂಡ ಪರದೇಶೀಯ ಹೆಂಗಸರ ಗೋಳು, ಇವೆಲ್ಲವನ್ನೂ ಹತ್ತು ದಿನ ಕಂಡು ಅನುಭವಿಸಿದಳು. ಪತ್ರಿಕೆಯವರು ಬಿಡಿಸಿ ತಂದ ಮೇಲೆ ಎಲ್ಲವನ್ನೂ ಬರೆದಳು. ವಿಚಾರಣೆ ನಡೆಯಿತು, ಇಂಥ ಸಂಸ್ಥೆಗಳಿಗೆ ನಗರದವರು ಕೊಡುವ ಹಣವೂ ಹೆಚ್ಚಿತು.

ಇಬ್ಬರೂ ಸುಳ್ಳನ್ನು ಆಶ್ರಯಿಸಿದವರೇ. ಇಬ್ಬರಿಂದಲೂ ಲೋಕಕ್ಕೆ ಉಪಕಾರವಾಯಿತು. ಫಲವನ್ನೇ ಅಳತೆಗೋಲಾಗಿ ಹಿಡಿದರೆ ಸ್ಟೆಡ್ ಮಹಾಶಯನದೇ ದೊಡ್ಡ ಕಾರ್ಯವೆನ್ನಬೇಕಾದೀತು. ಆದರೂ ಅವನ ಕಥೆಯನ್ನು ಕೇಳಿದಾಗ ನಮ್ಮ ಮನಸ್ಸು ಅಳುಕುತ್ತದೆ; ನೆಲ್ಲಿ ಬ್ಲೈಯ ಕಥೆಯನ್ನು ಕೇಳಿದಾಗ ಅಷ್ಟಾಗಿ ಅಳುಕುವುದಿಲ್ಲ. ಇದಕ್ಕೆ ಕಾರಣವೇನು? ಆಕೆ ಸುಳ್ಳಿನ ಭಾರವನ್ನು ತನ್ನ ಮೈಮೇಲೆಯೇ ಹೊತ್ತಳು; ಆಕೆಯಿಂದ ಮೋಸಹೋದವರು ಬಹುಮಟ್ಟಿಗೆ ತಮ್ಮ ಅಧಿಕಾರಕ್ಕೆ ಲೆಕ್ಕ ಒಪ್ಪಿಸಬೇಕಾದವರು. ಸ್ಟೆಡ್ ತಾನೂ ಕಷ್ಟಪಟ್ಟನು, ನಿಜ. ಆದರೆ ಆ ಕಷ್ಟವು ಅವನು ಬಲ್ಲದ್ದು, ಬಯಸಿ ಪಡೆದದ್ದು. ಹುಡುಗಿಯ ಭಯವು ಅವಳು ಆರಿಸಿಕೊಂಡದ್ದಲ್ಲ. ಮಕ್ಕಳನ್ನು ಸರಕಿನಂತೆ ಕಾಣಬಾರದೆಂದು ಸಾರುವುದಕ್ಕಾಗಿ ಒಂದು ಮಗುವನ್ನು ಸಾಕ್ಷ್ಯದ ಸರಕನ್ನಾಗಿ ಮಾಡಿದ್ದಾಯಿತು.

ಇದು ಹಳೆಯ ಕಾಲದ, ಹೊರದೇಶದ ಮಾತೆಂದು ತಳ್ಳಿಬಿಡುವಂತಿಲ್ಲ. 1981ರಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯ ಅಶ್ವಿನಿ ಸರೀನ್ ಅವರು ನಮ್ಮ ದೇಶದಲ್ಲಿ ಹೆಣ್ಣುಗಳ ಮಾರಾಟ ನಡೆಯುತ್ತಿದೆಯೆಂಬುದನ್ನು ಸಿದ್ಧಪಡಿಸಲು ಹೆಂಗಸೊಬ್ಬಳನ್ನು 2,300 ರೂಪಾಯಿಗೆ ಕೊಂಡು ಆ ವೃತ್ತಾಂತವನ್ನು ಬರೆದರು. ಆ ಪ್ರಸಂಗದಿಂದ ಪ್ರೇರಿತರಾಗಿ ಮರಾಠಿಯ ವಿಜಯ ತೆಂಡೂಲ್ಕರರು ‘ಕಮಲಾ’ ಎಂಬ ನಾಟಕವನ್ನು ರಚಿಸಿದರು. ನಾಟಕದಲ್ಲಿ, ಕ್ರಯಕ್ಕೆ ಬಂದ ಹೆಂಗಸು ಪತ್ರಿಕಾಕರ್ತನ ಹೆಂಡತಿಯನ್ನು, ನಿನ್ನನ್ನು ಎಷ್ಟು ಕೊಟ್ಟು ಕೊಂಡರು ಎಂದು ಮುಗ್ಧವಾಗಿ ಕೇಳುತ್ತಾಳೆ. ಪರರ ಮನೆಯ ಕತ್ತಲೆಗೆ ದೀಪ ಹಿಡಿಯಹೊರಟವನ ಮನೆಯೂ ಆ ಪ್ರಶ್ನೆಯಿಂದ ಬೆಳಕಿಗೆ ಬರುತ್ತದೆ.

ಹಾಗಾದರೆ ಮಾರುವೇಷವನ್ನು ಸರ್ವಥಾ ವರ್ಜಿಸಬೇಕೆ? ಹಾಗೆನ್ನುವುದು ನೊಂದವರಿಗೆ ದ್ರೋಹವಾದೀತು. ರಾಜನಿಗೆ ಚಾರರೇ ಕಣ್ಣೆಂದು ನಮ್ಮ ಹಿರಿಯರು ಹೇಳಿದರು. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ತಾಪಸ, ವರ್ತಕ ಮೊದಲಾದ ವೇಷಗಳನ್ನು ಧರಿಸುವ ಗೂಢಪುರುಷರ ಪ್ರಕರಣವೇ ಉಂಟು. ಪ್ರಜೆಗಳೇ ಪ್ರಭುಗಳಾದ ರಾಜ್ಯದಲ್ಲಿ ಅವರಿಗೂ ಕಣ್ಣು ಬೇಕು. ಆದರೆ ರಾಜನ ಚಾರನು ಕಂಡದ್ದನ್ನು ಒಬ್ಬನ ಕಿವಿಯಲ್ಲಿ ಹೇಳುವವನು. ಪತ್ರಿಕಾಕರ್ತನು ಲೋಕದ ಮುಂದೆ ಸಾರುವವನು. ಆದುದರಿಂದ ಅವನ ಹೊಣೆ ಹೆಚ್ಚಿನದು. ಅವನು ತನ್ನನ್ನು ತಾನೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಸತ್ಯವನ್ನು ತಿಳಿಯಲು ಋಜುಮಾರ್ಗವು ನಿಜವಾಗಿಯೂ ಇಲ್ಲವೆ? ನನ್ನ ಸುಳ್ಳಿನ ನೋವು ಯಾರ ಪಾಲಿಗೆ ಬೀಳುತ್ತದೆ? ಕಾರ್ಯವು ಮುಗಿದ ಮೇಲೆ ನಾನು ಮಾಡಿದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ವಾಚಕರಿಗೆ ಹೇಳಬಲ್ಲೆನೆ? ಇವುಗಳಲ್ಲಿ ಎರಡನೆಯದೇ ಮುಖ್ಯವೆಂದು ತೋರುತ್ತದೆ. ಮೊದಲನೆಯದಕ್ಕೆ ಉತ್ಸಾಹವು ಸುಲಭವಾಗಿ ಉತ್ತರ ಹೇಳಿಬಿಡುತ್ತದೆ. ಮೂರನೆಯದಕ್ಕೆ ಧೈರ್ಯವು ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಕರುಣೆಯಲ್ಲದೆ ಬೇರೆ ಯಾವುದೂ ಉತ್ತರ ಹೇಳಲಾರದು.

ವಾಚಕರಾದ ನಾವೂ ಇಲ್ಲಿ ಕೇವಲ ಪ್ರೇಕ್ಷಕರಲ್ಲ. ಸಾವಧಾನವಾಗಿ ಹೇಳಿದ ಸತ್ಯಕ್ಕೆ ಕಿವಿಗೊಡದೆ, ಬೆಚ್ಚಿಬೀಳಿಸುವ ಸುದ್ದಿ ಬಂದಾಗ ಮಾತ್ರ ಎಚ್ಚರಗೊಳ್ಳುವ ಜನಕ್ಕಾಗಿಯೇ ಸ್ಟೆಡ್ ಮಹಾಶಯನು ಆ ದಾರಿಯನ್ನು ಹಿಡಿದದ್ದು. ಆ ಮಸೂದೆಯ ಮೇಲಿನ ನಿರಾಡಂಬರವಾದ ವಾದಗಳನ್ನು ಇಂಗ್ಲೆಂಡಿನ ಜನ ಮೊದಲೇ ಮನಸ್ಸಿಗೆ ತಂದುಕೊಂಡಿದ್ದರೆ ಆ ಹುಡುಗಿಯನ್ನು ಕೊಳ್ಳಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಆ ಐದು ಪೌಂಡುಗಳಲ್ಲಿ ಉದಾಸೀನರಾದ ವಾಚಕರ ಪಾಲೂ ಸ್ವಲ್ಪ ಸೇರಿತ್ತೆಂಬುದನ್ನು ಮರೆಯಲಾಗದು.