ಸೋಸಿದ ಮೇಲೆ ಉಳಿಯುವ ನೀರು

ಶ್ರಾವಕನು ನೀರನ್ನು ಸೋಸಿ ಕುಡಿಯಬೇಕೆಂಬುದು ಜೈನರ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಆಚಾರ. ಅದರ ಉತ್ತರಾರ್ಧವನ್ನು ಮಾತ್ರ ಬಹುಮಂದಿ ಮರೆತಿದ್ದಾರೆ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು, ಎಂದರೆ ಜೀವಾಣಿಯನ್ನು, ಸೋಸಿದ ನೀರಿನಿಂದಲೇ ತೊಳೆದು, ಸೇದಿದ ಬಾವಿಗೇ ಮರಳಿಸಬೇಕು. ಮೇಲಿನಿಂದ ಸುರಿಯುವಂತಿಲ್ಲ, ತಳದಲ್ಲಿಯೂ ಕೊಂಡಿಯುಳ್ಳ ಪಾತ್ರೆಯನ್ನು ಇಳಿಬಿಟ್ಟು ನೀರಿನ ಮಟ್ಟದಲ್ಲಿ ಮಗುಚಬೇಕು. ಶುದ್ಧಜಲವನ್ನು ಪಡೆದವನು ಶುದ್ಧಿಯಲ್ಲಿ ಉಳಿದುದಕ್ಕೂ ಹೊಣೆಗಾರನೆಂಬ ಭಾವ ಇದರಲ್ಲಿದೆ.

ಬಳ್ಳಾರಿ ಸೀಮೆಗೆ ಈ ಹೊಣೆ ಇಂದು ದೊಡ್ಡದು. ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಂತಿತು. ಆರಂಭದಲ್ಲಿ ಸುಮಾರು 132 ಟಿ.ಎಂ.ಸಿ. ಇದ್ದ ಸಾಮರ್ಥ್ಯವು ಹೂಳಿನಿಂದ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರು ನದಿಗೆ ಹರಿದುದನ್ನು ರೈತರು ಅಸಹಾಯಕರಾಗಿ ನೋಡಿದರು. ಆ ನಷ್ಟ ಎಲ್ಲರ ಕಣ್ಣಿಗೂ ಬಿತ್ತು. ಕಣ್ಣಿಗೆ ಬೀಳದ ನಷ್ಟ ಬೇರೆಯೇ ಇದೆ. ಮಿತನೀರಾವರಿ ಬೆಳೆಗಳನ್ನು ಮುಖ್ಯವಾಗಿ ಲಕ್ಷಿಸಿ ಯೋಜಿಸಿದ ಅಚ್ಚುಕಟ್ಟಿನಲ್ಲಿ ಭತ್ತ ಹಬ್ಬಿತು. ಸಿರುಗುಪ್ಪ, ಕುರುಗೋಡು ಕಡೆಯ ಭತ್ತದ ಸಿರಿ ಹುಸಿಯಲ್ಲ. ಆದರೆ ಅಚ್ಚುಕಟ್ಟಿನ ಎಷ್ಟೋ ಎರೆಹೊಲಗಳು ಅತಿನೀರಿನಿಂದ ಸವುಳಾದವು, ಕಾಲುವೆಯ ಕೊನೆಯ ರೈತನಿಗೆ ನೀರು ಮುಟ್ಟದಾಯಿತು.

ನಗರದ ಜೀನ್ಸ್ ಉದ್ಯಮದ ಪ್ರಶ್ನೆ ವರ್ತಕರಿಗೆ ಇನ್ನೂ ಹತ್ತಿರದ್ದು. ಬಟ್ಟೆಗೆ ಮಾಸಿದ ಅಂದ ಬರಲೆಂದು ಹೈಪೋಕ್ಲೋರೈಟ್, ಪರ್ಮಾಂಗನೇಟ್ ಮುಂತಾದ ರಾಸಾಯನಿಕಗಳಿಂದ ತೊಳೆಯುತ್ತಾರೆ. ನೀಲಿಯ ನೀರು ಉಳಿಯುತ್ತದೆ. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯವಲ್ಲವೇ ಎಂದು ಕೇಳಬಹುದು. ಹೌದು, ಸಂಕಲ್ಪೀ ಹಿಂಸೆಯನ್ನೇ ಗೃಹಸ್ಥನಿಗೆ ಪೂರ್ಣವಾಗಿ ನಿಷೇಧಿಸಿದೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ನಿಷ್ಪ್ರಯೋಜನವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆದಕುವುದನ್ನು ಪ್ರಮಾದಚರ್ಯೆಯೆಂದು ಹೇಳಿದ್ದಾರೆ. ಮೊದಲ ಸಲ ಬಳಸಿದ ನೀರು ಉದ್ಯೋಗಕ್ಕೆ ಸಲ್ಲುತ್ತದೆ. ಸಂಸ್ಕರಿಸಿ ಮತ್ತೆ ಬಳಸಬಹುದಾಗಿದ್ದ ನೀರನ್ನು ಚರಂಡಿಗೆ ಬಿಟ್ಟರೆ ಆ ಭಾಗ ಯಾವ ಲೆಕ್ಕಕ್ಕೆ? ಅದನ್ನು ಉದ್ಯೋಗದ ಖಾತೆಗೆ ಬರೆಯುವುದು ಕಳ್ಳಲೆಕ್ಕ.

ಸಣ್ಣ ಘಟಕದವನಿಗೆ ಸಂಸ್ಕರಣ ಯಂತ್ರದ ವೆಚ್ಚ ಎಟುಕದೆಂಬುದೂ ನಿಜ. ಘಟಕ ಮುಚ್ಚಿದರೆ ಹೊಲಿಗೆಯವರ ಒಲೆ ಆರುತ್ತದೆ. ಆದುದರಿಂದ ಸಾಮೂಹಿಕ ಸಂಸ್ಕರಣಾಗಾರಕ್ಕೆ ಲಾಭದ ಒಂದು ಪಾಲನ್ನು ಸಿದ್ಧ ಉಡುಪು ಕೊಳ್ಳುವ ದೊಡ್ಡ ವ್ಯಾಪಾರಿಯೂ ತೆರಬೇಕು; ಅಗ್ಗದ ದರದ ಫಲವನ್ನು ಉಣ್ಣುವವನು ಅವನೇ.

ಇಡೀ ವೃತ್ತಿಜೀವನವನ್ನು ನೀರಿಗೆ ಮುಡಿಪಿಟ್ಟವರು ಕನ್ನಡ ನಾಡಿನಲ್ಲಿದ್ದಾರೆ. ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು ಬೆಂಗಳೂರಿನ ವಿಜಯನಗರದಲ್ಲಿ 1990ರ ದಶಕದಲ್ಲಿ ಕಟ್ಟಿಸಿದ ‘ಸೌರಭ’ ಮನೆ ನಗರದ ಕೊಳಾಯಿಯನ್ನು ನೆಚ್ಚದೆ ಮಳೆನೀರಿನಿಂದಲೇ ನಡೆದುಬಂದಿದೆ. ಬಟ್ಟೆ ಒಗೆದ ನೀರು ಅಲ್ಲಿ ಶೌಚಾಲಯಕ್ಕೆ ಒದಗುತ್ತದೆ. ಪರಿಮಾಣವ್ರತವೆಂದು ಅವರು ಕರೆಯದಿದ್ದರೂ ಶ್ರಾವಕನಿಗೆ ಅದರ ಗುರುತು ಹತ್ತದಿರದು.

ಇನ್ನು ನಿರ್ಲವಣೀಕರಣ. ಹಳ್ಳಿಗಳ ಶುದ್ಧ ನೀರಿನ ಘಟಕಗಳಿಗೆ ದಾನ ಕೊಡುವುದು ಜೈನ ವರ್ತಕರಿಗೂ ಪ್ರಿಯವಾದ ಪುಣ್ಯಕಾರ್ಯ. ಆದರೆ ಆರ್.ಓ. ಯಂತ್ರವು ಉಪ್ಪನ್ನು ಇಲ್ಲವಾಗಿಸುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಸಿಹಿನೀರು ಮುಂದಿನ ನಲ್ಲಿಗೆ ಬಂದಂತೆ, ಗಡುಸಾದ ಉಪ್ಪುನೀರು ಹಿಂದಿನ ಕೊಳವೆಯಲ್ಲಿ ಹೊರಬೀಳುತ್ತದೆ. ಕೊಳವೆಬಾವಿಗೆ ಅದನ್ನು ಮರಳಿಸಿದರೆ ಅಂತರ್ಜಲವೇ ಕೆಡುತ್ತದೆ. ಜೀವಾಣಿಯ ವಿಧಿ ಇಲ್ಲಿ ಅಕ್ಷರಶಃ ಸಲ್ಲದು. ದಾನಪತ್ರದಲ್ಲಿ ಆ ಹಿಂದಿನ ಕೊಳವೆಗೊಂದು ತೊಟ್ಟಿಯ ಖರ್ಚನ್ನೂ ಸೇರಿಸಿದರೆ ಪಾತ್ರೆ ತೊಳೆಯಲು, ಶಾಲೆಯ ಶೌಚಾಲಯಕ್ಕೆ ಆ ನೀರು ಒದಗುತ್ತದೆ. ಗಿಡಗಳಿಗೆ ಹಾಕುವ ಮುನ್ನ ಮಾತ್ರ ಲವಣಾಂಶವನ್ನು ಪರೀಕ್ಷಿಸಬೇಕು. ಎರೆಮಣ್ಣು ಹಿಡಿದ ಉಪ್ಪನ್ನು ಬೇಗ ಬಿಡುವುದಿಲ್ಲ.